ಮೂವತ್ತೆರಡು ಮಕ್ಕಳ ಒಂದೇ ಕಾಗದ

೧೯೯೭ರಲ್ಲಿ ನಾನು ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕನಾಗಿದ್ದೆ. ಡೆನ್ಮಾರ್ಕಿನ ಒಂದು ಶಾಲೆಯೊಡನೆ ನಮ್ಮ ಒಂಬತ್ತನೆಯ ತರಗತಿಗೆ ಪತ್ರಮೈತ್ರಿ ಏರ್ಪಟ್ಟಿತ್ತು. ಮೊದಲ ಕಾಗದವನ್ನು ನಾನೇ ಬೋರ್ಡಿನ ಮೇಲೆ ಬರೆದೆ. ಮೂವತ್ತೆರಡು ಮಕ್ಕಳೂ ದುಂಡಗೆ ನಕಲು ಮಾಡಿ, ತಮ್ಮ ತಮ್ಮ ಹೆಸರು ಹಾಕಿದರು. ಒಂದೂ ತಪ್ಪಿರಲಿಲ್ಲ. ಹೆಮ್ಮೆಯಿಂದ ಅಂಚೆಗೆ ಹಾಕಿದೆ.

ಎರಡು ತಿಂಗಳ ಮೇಲೆ ಅಲ್ಲಿನ ಶಿಕ್ಷಕಿಯ ಉತ್ತರ ಬಂತು. ಎಲ್ಲ ಮಕ್ಕಳ ತಂದೆಯೂ ರೈತರೇ, ಎಲ್ಲರ ಮನೆಯಲ್ಲೂ ಎರಡೇ ಎತ್ತುಗಳೇ ಎಂದು ಆಕೆ ಸೌಜನ್ಯದಿಂದಲೇ ಕೇಳಿದ್ದರು. ತರಗತಿಯಲ್ಲಿ ಓದಿ ಹೇಳಿದೆ. ಗಂಗವ್ವ ಎದ್ದು ನಿಂತಳು.

"ಸರ್, ನಮ್ಮಪ್ಪ ಟೇಲರ್ ಅದಾನ್ರಿ."

"ಮತ್ತ ರೈತ ಅಂತ ಯಾಕ ಬರದಿ?"

"ಬೋರ್ಡಿನ್ಯಾಗ ಇದ್ದಂಗ ಬರೀದಿದ್ರ ಮಾರ್ಕ್ಸ್ ಕಡೀತೀರಲ್ರಿ."

ಮಕ್ಕಳು ನಕ್ಕರು. ನನಗೆ ಆ ದಿನ ಮುಂದೆ ಪಾಠ ಮಾಡಲಾಗಲಿಲ್ಲ.

ಎರಡನೆಯ ಸಲ ಬೋರ್ಡು ಖಾಲಿ ಬಿಟ್ಟೆ. ಅಪ್ಪ ಶಾಲೆಯ ಯೂನಿಫಾರ್ಮ್ ಹೊಲಿಯುವುದನ್ನೂ ತಾನು ಗುಂಡಿಗಳಿಗೆ ಕಾಜಾ ಹಾಕುವುದನ್ನೂ ಗಂಗವ್ವ ಬರೆದಳು. ನಿಮ್ಮ ಯೂನಿಫಾರ್ಮ್ ಯಾರು ಹೊಲಿಯುತ್ತಾರೆ ಎಂದು ಕೇಳಿದ್ದಳು. ಒಂದು ಪುಟದಲ್ಲಿ ಹನ್ನೊಂದು ತಪ್ಪು. ಹೆಡ್‌ಮಾಸ್ತರರು ಅದನ್ನು ನೋಡಿ ಕೆಂಡವಾದರು.

"ಏನ್ರಿ ಮಾಸ್ತರ, ಇದನ್ನ ಪರದೇಶಕ್ಕ ಕಳಸ್ತೀರೇನು? ತಿದ್ದಿ ಫೇರ್ ಕಾಪಿ ಮಾಡಸ್ರಿ, ಇಲ್ಲಾಂದ್ರ ಈ ಪತ್ರದ ಆಟಾನ ಬಂದ್ ಮಾಡ್ರಿ."

"ತಿದ್ದಿದ್ರ ಅದು ನನ್ನ ಕಾಗದ ಆಗತೈತ್ರಿ ಸರ್, ಅಕೀದಲ್ಲ."

"ಮುಂದಿನ ವರ್ಷ ರಿಜಲ್ಟ್ ಬಿದ್ರ ಡೆನ್ಮಾರ್ಕದವ್ರು ಬಂದು ಉತ್ತರ ಕೊಡ್ತಾರೇನು?"

ಆ ಮಾತು ಸುಳ್ಳಾಗಿರಲಿಲ್ಲ. ಮರುದಿನದಿಂದ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಅರ್ಧ ಗಂಟೆ ವ್ಯಾಕರಣಕ್ಕೆ ಕೂಡಿಸಿದೆ. ಆದರೆ ಗಂಗವ್ವನ ಕಾಗದವನ್ನು ಮುಟ್ಟಲಿಲ್ಲ. ರಾಮದುರ್ಗದ ಅಂಚೆ ಕಚೇರಿಗೆ ನಾನೇ ಒಯ್ದು, ಉಳಿದವುಗಳ ಜೊತೆ ಇದ್ದ ಹಾಗೆಯೇ ಕಳಿಸಿದೆ.

ನಾಲ್ಕನೆಯ ದಿನ ಹೆಡ್‌ಮಾಸ್ತರರಿಂದ ಕಾರಣ ಕೇಳುವ ನೋಟಿಸು ಬಂತು. ನಾನು ಕೊಟ್ಟ ಉತ್ತರ ಎರಡೇ ಸಾಲು: "ಈ ತಪ್ಪುಗಳಿಗೆ ಪರೀಕ್ಷೆಯಲ್ಲಿ ಅಂಕ ಕಳೆಯುತ್ತೇನೆ. ಅವುಗಳಿಗಾಗಿ ಕಾಗದ ತಡೆಯುವುದಿಲ್ಲ."

ಮಳೆಗಾಲದ ಹೊತ್ತಿಗೆ ಗಂಗವ್ವನ ಹೆಸರಿಗೇ ಒಂದು ಲಕೋಟೆ ಬಂತು. ತಮ್ಮಲ್ಲಿ ಯೂನಿಫಾರ್ಮೇ ಇಲ್ಲ, ಕಾಜಾ ಹಾಕುವುದು ಹೇಗೆಂದು ಚಿತ್ರ ಬರೆದು ಕಳಿಸು ಎಂದು ಅಲ್ಲಿನ ಹುಡುಗಿ ಕೇಳಿದ್ದಳು. ಅವಳ ಇಂಗ್ಲಿಷಿನಲ್ಲಿಯೂ ತಪ್ಪುಗಳಿದ್ದವು. ಹೆಡ್‌ಮಾಸ್ತರರು ಎರಡು ಸಲ ಓದಿ, ಮಡಚಿ ಕೊಟ್ಟರು. ನೋಟಿಸನ್ನು ಮಾತ್ರ ಹಿಂಪಡೆಯಲಿಲ್ಲ, ನಾನೂ ಕೇಳಲಿಲ್ಲ.

ನಿವೃತ್ತಿಯವರೆಗೂ ನಾನು ಉತ್ತರ ಪತ್ರಿಕೆಯಲ್ಲಿ ಯಾರಿಗೂ ಒಂದು ಅಂಕ ಪುಕ್ಕಟೆ ಕೊಡಲಿಲ್ಲ. ಹಾಗೆಯೇ, ಯಾವ ಮಗುವಿನ ಹೆಸರಿನಲ್ಲೂ ನನ್ನ ವಾಕ್ಯವನ್ನು ಮತ್ತೆ ಬರೆಸಲಿಲ್ಲ.