ಬಜಗೋಳಿಗೇ ಹೋಗಬೇಕಾದ ಸದ್ದು

ಹಳೆಯ ಕಾರನ್ನು ಮಾರುವುದೆಂದು ನಿಶ್ಚಯಿಸಿ ಮೊನ್ನೆ ಹಿಂದಿನ ಸೀಟು ಒರೆಸುತ್ತಿದ್ದೆ. ಹೊಗೆಸೊಪ್ಪಿನ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. ನಮ್ಮ ಮನೆಯಲ್ಲಿ ಎಲೆಯಡಿಕೆ ಹಾಕುವವರು ಯಾರೂ ಇಲ್ಲ. ಅದು ಪಕ್ಕದ ಮನೆಯ ಡ್ರೈವರಣ್ಣನ ವಾಸನೆ. ಅವರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ವಾಸನೆ ಮಾತ್ರ ಕಾರಿನಿಂದ ಇಳಿಯಲು ಒಪ್ಪಿಲ್ಲ...

ಕಾಪುವಿನಿಂದ ಬೆಳ್ಮಣ್, ನಿಟ್ಟೆ, ಕಾರ್ಕಳ ದಾಟಿ ಬಜಗೋಳಿಯವರೆಗೆ ಖಾಸಗಿ ಬಸ್ಸು ಓಡಿಸಿಯೇ ತಲೆ ಹಣ್ಣಾದವರು ಅವರು. ಕಣ್ಣು ಮಂದವಾದ ಮೇಲೆ ಸ್ಟಿಯರಿಂಗ್ ಬಿಡಬೇಕಾಯಿತು. ಬಸ್ಸಿನಲ್ಲಿ ಕುಳಿತಾದರೂ ಒಮ್ಮೆ ಹೋಗಿ ಬನ್ನಿ ಎಂದರೆ, "ಇನ್ನೊಬ್ಬ ಓಡಿಸುವ ಬಸ್ಸಿನಲ್ಲಿ ನಾನು ಟಿಕೆಟ್ ತೆಗೆದು ಕೂರುವುದಾ? ಎಂತ ಮಾತಾಡ್ತೀ ಮಾರಾಯ!" ಎಂದು ಸಿಡುಕುತ್ತಿದ್ದರು. ನನ್ನನ್ನು ಕರೆದುಕೊಂಡು ಹೋಗು ಎಂದು ಯಾರ ಹತ್ತಿರವೂ ಬಾಯಿಬಿಟ್ಟು ಕೇಳುವವರೂ ಅಲ್ಲ. ಜಗಲಿಯಲ್ಲಿ ಕುಳಿತು, ಹೆದ್ದಾರಿಯ ಬಸ್ಸುಗಳ ಹಾರನ್ ಕೇಳುತ್ತಾ, ಗೇರ್ ತಪ್ಪಿಸಿದವರಿಗೆ ಬೈಯುತ್ತಾ ದಿನದಿಂದ ದಿನಕ್ಕೆ ಒಣಗುತ್ತಿದ್ದರು.

ಆ ಹೊತ್ತಿಗೇ ನನ್ನ ಕಾರಿನ ಹಿಂಬದಿಯಿಂದ ಸದ್ದು ಶುರುವಾಯಿತು. ನಿಧಾನ ಹೋಗುವಾಗ ಟಕ್ ಟಕ್, ವೇಗ ಏರಿಸಿದರೆ ಗಪ್‌ಚಿಪ್. ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ನನಗೆ, ಚಕ್ರ ಕಳಚಿಕೊಂಡು ನನಗಿಂತ ಮೊದಲೇ ಉಡುಪಿ ಮುಟ್ಟೀತೆಂಬ ಹೆದರಿಕೆ. ಡ್ರೈವರಣ್ಣನಿಗೆ ಹೇಳಿದೆ. ಅವರ ಮುಖ ಅರಳಿತು.

"ಸದ್ದು ಬಂತು ಅಂತ ಗ್ಯಾರೇಜಿಗೆ ಓಡುವುದಲ್ಲ. ಮೊದಲು ಅದನ್ನು ಕೇಳಬೇಕು. ಭಾನುವಾರ ಹೋಗುವ."

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಹಿಂದಿನ ಸೀಟಿನಲ್ಲಿ ಅಡ್ಡವಾಗಿ ಕುಳಿತು, ಸೀಟಿಗೆ ಕಿವಿ ಆನಿಸಿ ಅಪ್ಪಣೆ ಕೊಡತೊಡಗಿದರು. "ಬಲಕ್ಕೆ ತಿರುಗಿಸು. ಈಗ ಎಡಕ್ಕೆ. ಬಲಕ್ಕೆ ತಿರುಗುವಾಗ ಗುಂಯ್ ಅಂತ ಜಾಸ್ತಿಯಾದರೆ ಎಡಗಡೆಯ ಬೇರಿಂಗ್, ಭಾರ ಅದರ ಮೇಲೆ ಬೀಳ್ತದೆ. ಇದು ಗುಂಯ್ ಅಲ್ಲ. ಬೆಳ್ಮಣ್‌ವರೆಗೆ ಬಿಡು, ನೋಡುವ."

ಬೆಳ್ಮಣ್ಣಿನಲ್ಲಿ ಇಳಿದು, ಹೋಟೆಲಿನವರ ಹತ್ತಿರ ಹರಟಿ, ಗೋಳಿಬಜೆ ತಿಂದು, "ಬೇರಿಂಗ್ ಅಲ್ಲ" ಎಂದು ತೀರ್ಪು ಕೊಟ್ಟರು. ಮುಂದಿನ ಭಾನುವಾರ ಆಕ್ಸಲ್ ಮೇಲೆ ಸಂಶಯ. ಅದಕ್ಕೆ ನಿಟ್ಟೆಯ ತಿರುವುಗಳು ಬೇಕಂತೆ. ಅದರ ಮುಂದಿನ ವಾರ ಬ್ರೇಕ್ ಡ್ರಮ್. ಅದಕ್ಕೆ ಬಜಗೋಳಿಯ ಏರು ಇಳಿತವೇ ಆಗಬೇಕು. ಜೋರಾಗಿ ಹೋಗುವ ಹಾಗೂ ಇಲ್ಲ, ಸದ್ದು ನಿಂತುಬಿಡುತ್ತದೆ! ಸ್ಟಾಪು ಸ್ಟಾಪಿನಲ್ಲೂ ಅವರ ಕೈ ಕಿಟಕಿಯ ಹೊರಗೆ. "ಓ ಡ್ರೈವರಣ್ಣ!" ಎಂದು ಯಾರಾದರೂ ಕೂಗಿದರೋ, ತಪಾಸಣೆ ಅಲ್ಲಿಗೆ ಮುಗಿಯಿತು. "ನಿಮ್ಮ ಕಾರಿಗೆ ಬಂದದ್ದು ಕಾಯಿಲೆಯೋ, ತೀರ್ಥಯಾತ್ರೆಯೋ?" ಎಂದು ನನ್ನ ಹೆಂಡತಿ ಕೇಳಿದಳು.

ಕೊನೆಗೆ ತಾಳ್ಮೆ ಕೆಟ್ಟು, ಒಂದು ಶನಿವಾರ ಅವರಿಗೆ ಹೇಳದೆ ಉಡುಪಿಯ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಲಗಡೆಯ ಹಿಂದಿನ ಚಕ್ರದ ಮುಚ್ಚಳ ಎಬ್ಬಿಸಿದ್ದೇ ತಡ, ಒಂದು ಒಣ ಅಡಿಕೆ ಕೆಳಗೆ ಉದುರಿತು. "ಎಂತ ಸರ್, ಚಕ್ರಕ್ಕೂ ವೀಳ್ಯ ಕೊಟ್ಟಿದ್ದೀರಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಿಧಾನ ಹೋಗುವಾಗ ಅದು ಮುಚ್ಚಳದೊಳಗೆ ಉರುಳಿ ಬಡಿಯುತ್ತದಂತೆ, ವೇಗವಾದರೆ ಅಂಚಿಗೆ ಅಂಟಿಕೊಂಡು ಸುಮ್ಮನಾಗುತ್ತದಂತೆ. ಅಡಿಕೆ ತಾನಾಗಿ ಚಕ್ರದೊಳಗೆ ಹೋಗುವುದುಂಟೇ? ಡ್ರೈವರಣ್ಣನ ಸೊಂಟದ ಎಲೆಯಡಿಕೆ ಸಂಚಿ ಕಣ್ಣ ಮುಂದೆ ಬಂತು.

ಸಿಟ್ಟು ನೆತ್ತಿಗೇರಿತು. ಇವತ್ತು ಈ ಮುದುಕನ ಗ್ರಹಚಾರ ಬಿಡಿಸುತ್ತೇನೆಂದು ಅಡಿಕೆಯನ್ನು ಜೇಬಿಗೆ ಹಾಕಿಕೊಂಡು ಕಾಪುವಿಗೆ ಬಂದರೆ, ಅವರ ಹೆಂಡತಿ ಅಂಗಳದಲ್ಲಿ ಅದೇ ಭಾನುವಾರದ ಅಂಗಿಯನ್ನು ಒಣಹಾಕುತ್ತಿದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುವುದು. "ನಾಳೆಗೆ ಬೇಕಂತೆ. ನಾನಿಲ್ಲದೆ ಆ ಕಾರು ಸರಿ ಆಗುವುದಿಲ್ಲ ಅಂತ ಒಂದೇ ಹಟ," ಎಂದು ಅಕ್ಕ ನಕ್ಕರು. "ಈಗ ಊಟ ಸರಿಯಾಗಿ ಮಾಡ್ತಾರೆ ನೋಡಿ. ಮೊದಲು ಅದೂ ಇರಲಿಲ್ಲ ಅಲ್ವಾ..."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಯಾರೂ ಕಾಣದಂತೆ ಮುಚ್ಚಳ ಎಬ್ಬಿಸಿ, ಅಡಿಕೆಯನ್ನು ಒಳಗೆ ಹಾಕಿ ಒತ್ತಿಬಿಟ್ಟೆ. ಗಡಿಬಿಡಿಯಲ್ಲಿ ಬಲಗಡೆಯ ಬದಲು ಎಡಗಡೆಯ ಚಕ್ರಕ್ಕೆ ಹಾಕಿದ್ದು ನನಗೆ ಗೊತ್ತಾಗಲೂ ಇಲ್ಲ.

ಮರುದಿನ ಕಾರು ಹತ್ತು ಮಾರು ಹೋಗಿರಲಿಲ್ಲ, ಡ್ರೈವರಣ್ಣ ದಡಕ್ಕನೆ ಎದ್ದು ಕುಳಿತರು. ಬಲಕ್ಕೆ ಕಿವಿಗೊಟ್ಟರು. ಎಡಕ್ಕೆ ಜರುಗಿ ಮತ್ತೆ ಕಿವಿಗೊಟ್ಟರು.

"ಅರೆ! ಇದು ಎಡದಿಂದ ಬರ್ತಾ ಉಂಟಲ್ಲ!"

ಕನ್ನಡಿಯಲ್ಲಿ ನಮ್ಮಿಬ್ಬರ ಕಣ್ಣು ಸೇರಿತು. ನಾನು ಬೇಗ ರಸ್ತೆ ನೋಡಿದೆ. ಅವರು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಬಹಳ ಹೊತ್ತು ಜಗಿಯುತ್ತಾ ಕುಳಿತರು. ಶಿರ್ವ ದಾಟಿದ ಮೇಲೆ ಮೆಲ್ಲಗೆ ಬಾಯಿ ಬಿಟ್ಟರು. "ಜಾಗ ಬದಲಿಸುವ ಸದ್ದು ಭಾರೀ ಅಪಾಯ ಮಾರಾಯ. ಇದಕ್ಕೆ ಬಜಗೋಳಿಯೇ ಆಗಬೇಕು."

"ಆಗಲಿ ಡ್ರೈವರಣ್ಣ, ಹೋಗುವ," ಎಂದೆ.

ಅಡಿಕೆಯ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ. ಅವರು ಹಾಸಿಗೆ ಹಿಡಿಯುವವರೆಗೂ ನಮ್ಮ ಭಾನುವಾರ ತಪ್ಪಲಿಲ್ಲ... ಅವರು ಹೋದ ಮೇಲೂ ಚಕ್ರದ ಅಡಿಕೆಯನ್ನು ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ನಿನ್ನೆ ಕಾರು ಕೊಳ್ಳುವವನು ಬಂದ. ಓಡಿಸಿ ನೋಡಲು ಹೊರಟವನು ಗೇಟು ದಾಟುವಷ್ಟರಲ್ಲೇ ನಿಲ್ಲಿಸಿ, "ಹಿಂದೆ ಎಂತದೋ ಸದ್ದು ಉಂಟಲ್ವಾ?" ಎಂದ. ಉಂಟು ಎಂದು, ಎಡಗಡೆಯ ಮುಚ್ಚಳ ಎಬ್ಬಿಸಿ ಅಡಿಕೆ ತೆಗೆದೆ. ಉರುಳಿ ಉರುಳಿ ನುಣ್ಣಗಾಗಿತ್ತು. ಅವನು ಇನ್ನೊಂದು ಸುತ್ತು ಓಡಿಸಿ ಬಂದು, "ಈಗ ಸದ್ದೇ ಇಲ್ಲ!" ಎಂದು ಖುಷಿಪಟ್ಟ. ನನಗೆ ಅಳು ಬಂತು. ಅವನಿಗೆ ಕಾರಿನ ಮೇಲಿನ ಮಮತೆ ಎಂದು ಕಂಡಿರಬೇಕು.

ಅಡಿಕೆ ಅಂಗಿಯ ಜೇಬಿನಲ್ಲಿದೆ. ಇವತ್ತು ಭಾನುವಾರ. ಎಲ್ಲಿಗೂ ಹೋಗುವುದಕ್ಕಿಲ್ಲ.