ಲಾಭ, ಎರಡು, ಮೂರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಬಾಗಿಲ ಹಿಂದಿನ ಗೋಡೆಯೇ ನಮ್ಮ ವೇಳಾಪಟ್ಟಿಯಾಗಿತ್ತು. ಮರುದಿನ ಯಾರು ಯಾವ ಹೊತ್ತಿಗೆ ಏನು ಮಾಡಬೇಕೆಂದು ಅಪ್ಪ ಹಿಂದಿನ ಸಂಜೆಯೇ ಅಲ್ಲಿ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ನನಗೆ ಹತ್ತು ವರ್ಷವಾಗಿದ್ದಾಗಿನ ಒಂದು ಶನಿವಾರ ಆ ಗೋಡೆಯ ಮೇಲೆ ಹೀಗಿತ್ತು: ಹಾಲು, ಐದೂವರೆ. ಕೊಟ್ಟಿಗೆ, ಆರು. ಅಟ್ಟಕ್ಕೆ ಕಾಯಿ, ಏಳರಿಂದ ಹನ್ನೆರಡು. ಅದರ ಕೆಳಗೆ, ಎಂದೂ ಇಲ್ಲದ ಒಂದು ಸಾಲು: ಮ್ಯಾಚು, ನಾಲ್ಕು.

ಮ್ಯಾಚು ಅಣ್ಣನದು. ಬಿಳಿಗೆರೆಯ ಹತ್ತಿರದ ನಮ್ಮ ಊರಿನಿಂದ ಅವನು ದಿನಾ ಸೈಕಲ್ಲಿನಲ್ಲಿ ತಿಪಟೂರಿನ ಕಾಲೇಜಿಗೆ ಹೋಗುತ್ತಿದ್ದ. ಅಲ್ಲಿನ ವಾಲಿಬಾಲ್ ತಂಡಕ್ಕೆ ಅವನೇ ಲಿಫ್ಟರ್. ಚೆಂಡನ್ನು ಬಲೆಯಾಚೆಗೆ ಬಡಿಯುವವನಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಬಡಿಯುವ ಮೊದಲು ಆ ಚೆಂಡನ್ನು ಹದವಾಗಿ ಮೇಲಕ್ಕೆತ್ತಿ ಕೊಡುವವನು ಲಿಫ್ಟರ್. ಅವನ ಕೈ ಕೆಟ್ಟರೆ ಇಡೀ ತಂಡದ ಆಟ ಕೆಟ್ಟಂತೆ.

ಅಣ್ಣನ ಕೈ ಕೆಟ್ಟಿತ್ತು. ಎರಡು ಮ್ಯಾಚುಗಳನ್ನು ಅವನಿಂದಲೇ ಸೋತೆವೆಂದು ತಂಡದವರು ಮುಖ ತಿರುಗಿಸಿಕೊಂಡಿದ್ದರು. ಅವನೆತ್ತಿದ ಚೆಂಡು ಒಮ್ಮೆ ತೆಂಗಿನ ಎತ್ತರಕ್ಕೆ ಹೋದರೆ ಇನ್ನೊಮ್ಮೆ ಎದೆ ಮಟ್ಟದಲ್ಲೇ ನಿಲ್ಲುತ್ತಿತ್ತು. ಆಟದ ಮೇಷ್ಟ್ರು ಕೊನೆಯ ಮಾತು ಹೇಳಿಯಾಗಿತ್ತು: "ನೋಡಪ್ಪಾ, ಶನಿವಾರ ಒಂದು ಸೆಟ್ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬನಿಯನ್ ಬಿಚ್ಚಿ ಇನ್ನೊಬ್ಬನಿಗೆ ಕೊಟ್ಬುಡು."

ಆ ಬನಿಯನ್ನಿನ ಬೆನ್ನಿಗೆ ಅಕ್ಕ ಕೆಂಪು ಬಟ್ಟೆ ಕತ್ತರಿಸಿ ಮೂರನೇ ನಂಬರು ಹೊಲಿದಿದ್ದಳು. ಆ ಬೆಳಿಗ್ಗೆ ಅದು ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು. ಅಣ್ಣ ಹಲ್ಲುಜ್ಜುತ್ತಾ ಅದರತ್ತ ನೋಡಲಿಲ್ಲ.

"ಇವತ್ತೊಂದಿನ ನನ್ನ ಬುಟ್ಬುಡಿ ಅಪ್ಪ, ಒಂದಿಷ್ಟು ಪ್ರಾಕ್ಟೀಸ್ ಮಾಡ್ಕೋತೀನಿ" ಎಂದ.

"ಗೋಡೆ ಮೇಲೆ ಏನೈತೆ ಓದು" ಎಂದರು ಅಪ್ಪ. ಅಲ್ಲಿಗೆ ಮಾತು ಮುಗಿಯಿತು.

ಆಗಿನ ನಮ್ಮ ಕಡೆಯ ಮನೆಗಳಲ್ಲಿ ಅಡುಗೆಮನೆಯ ಮೇಲೆ ಅಟ್ಟ. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅದರ ಮೇಲೆ ಜೋಡಿಸಿದರೆ ಒಂದು ವರ್ಷ ಮುಟ್ಟುವಂತಿರಲಿಲ್ಲ. ಕೆಳಗಿನ ಒಲೆಯ ಬಿಸಿಗೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ, ಅಲುಗಿಸಿದರೆ ಗಡಗಡ ಎನ್ನುತ್ತಿತ್ತು. ಅದೇ ಕೊಬ್ಬರಿ. ಆದರೆ ಏರಿಸುವಾಗ ಕಾಯಿ ಕೆಳಗೆ ಬೀಳಬಾರದು. ಬಿದ್ದದ್ದು ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಚಿಪ್ಪು ಕೂದಲೆಳೆಯಷ್ಟು ಬಿರಿದಿದ್ದರೂ ಸಾಕು, ವರ್ಷ ಕಾದು ಸುಲಿದಾಗ ಕೊಳೆತ ವಾಸನೆ ಮೂಗಿಗೆ ಬಡಿಯುತ್ತದೆ. ಹಾಗಾಗಿ ಬಿದ್ದ ಕಾಯನ್ನು ಅಪ್ಪ ಪಕ್ಕಕ್ಕಿಡುತ್ತಿದ್ದರು. ಅದು ಅಡುಗೆಗೆ.

ಅಟ್ಟದ ಚೌಕ ಬಾಯಿಯಲ್ಲಿ ಕುಳಿತು ಕಾಯಿ ಹಿಡಿಯುವವಳು ನಾನು. ನನ್ನ ಹಿಂದೆ ಬಗ್ಗಿಕೊಂಡು ಜೋಡಿಸುವವಳು ಅಕ್ಕ. ಅಲ್ಲಿ ಹೊಗೆಯ ಕಮಟು, ಕತ್ತಿನಲ್ಲಿ ಇಳಿಯುವ ಬೆವರು, ಅಂಗೈಗೆ ಚುಚ್ಚುವ ನಾರು. ಕೆಳಗೆ ಅಪ್ಪ ರಾಶಿಯಿಂದ ಕಾಯಿ ತೆಗೆದು ಕೊಡುತ್ತಿದ್ದರು, ಅಣ್ಣ ಮೇಲಕ್ಕೆ ಎಸೆಯುತ್ತಿದ್ದ. ಚೆನ್ನಾಗಿ ಎಸೆದ ಕಾಯಿ ಮೇಲೆ ಬಂದು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತದೆ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆಗ ಹಿಡಿದರೆ ಅದಕ್ಕೆ ಭಾರವೇ ಇರುವುದಿಲ್ಲ.

ಇನ್ನೊಂದು ಕ್ರಮವಿತ್ತು. ಎಸೆಯುವವನು ಎಣಿಸುತ್ತಲೇ ಎಸೆಯಬೇಕು. ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ, ಶುಭವಾಗಲೆಂದು ಲಾಭ ಎನ್ನಬೇಕು. ಲಾಭ, ಎರಡು, ಮೂರು ಎಂದು ಆ ದನಿ ಬಂದ ಹಾಗೆ ಮೇಲಿರುವವರ ಕೈ ತಾನಾಗಿ ಮುಂದೆ ಚಾಚಿಕೊಳ್ಳುತ್ತದೆ.

ಆ ದಿನ ಅಣ್ಣನ ಬಾಯಿ ಹೊಲಿದಂತಿತ್ತು. ಒಂದು ಕಾಯಿ ತೊಲೆಗೆ ಬಡಿದು ಬಿತ್ತು. ಇನ್ನೊಂದು ನನ್ನ ಕೈಗೆ ನಾಲ್ಕು ಬೆರಳು ಕೆಳಗೇ ನಿಂತು ವಾಪಸಾಯಿತು. ಮೂರನೆಯದು ನಾನು ಅಕ್ಕನ ಕಡೆ ತಿರುಗಿದ್ದಾಗ ಬಂದು ನನ್ನ ಮೊಣಕೈಗೆ ತಗುಲಿ ಉರುಳಿತು.

"ಅಮ್ಮ, ಕಾಯೊಬ್ಬಟ್ಟಿಗೆ ಬೆಲ್ಲ ಕುಟ್ಟು! ಮಗ ಕಾಯಿ ಮೇಲೆ ಕಾಯಿ ಉದುರಿಸ್ತಾವ್ನೆ" ಎಂದು ಅಕ್ಕ ಕತ್ತಲೊಳಗಿಂದ ಕೂಗಿದಳು.

ನನಗೆ ಅಳು ಬಂದಿತ್ತು. "ಅಣ್ಣಾ, ಎಣಿಸೋ! ಎಣಿಸ್ದೆ ಎಸೆದ್ರೆ ನಂಗೆ ಹೆಂಗೋ ಗೊತ್ತಾಗ್ಬೇಕು?"

ಅಪ್ಪ ಗದರಲಿಲ್ಲ. ಮೂರನೆಯ ಕಾಯನ್ನೂ ಪಕ್ಕಕ್ಕಿಟ್ಟು, "ಕಾಯಿ ನೋಡ್ಬೇಡ ಕಣ್ಲಾ, ಮಗೀನ ಕೈ ನೋಡು. ಕೈ ಕಾಯಿಗೆ ಬರಬಾರ್ದು, ಕಾಯಿ ಕೈಗೆ ಹೋಗ್ಬೇಕು" ಎಂದರು.

ಅಣ್ಣ ತಲೆಯೆತ್ತಿ ನನ್ನ ಕೈ ನೋಡಿದ. ಗಂಟಲು ಸರಿಮಾಡಿಕೊಂಡು "ಲಾಭ" ಎಂದ. ಕಾಯಿ ಬಂದು ನನ್ನ ಅಂಗೈ ಮುಂದೆ ನಿಂತಿತು. "ಎರಡು." ನಿಂತಿತು. ನೂರಾದ ಮೇಲೆ ಮತ್ತೆ ಲಾಭದಿಂದ ಶುರು. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಕಣ್ಣು ಮುಚ್ಚಿಕೊಂಡೂ ಹಿಡಿಯುತ್ತಿದ್ದೆ. ಆಮೇಲೆ ಅವನು ಇದ್ದಕ್ಕಿದ್ದಂತೆ ಕಾಯಿ ಕೈಯಲ್ಲೇ ಹಿಡಿದು ನಿಂತುಬಿಟ್ಟ.

"ಯಾಕ್ಲಾ ನಿಂತೆ?" ಎಂದರು ಅಪ್ಪ.

"ಆಟದಲ್ಲಿ ನಾನು ಬಾಯೇ ಬಿಡಲ್ಲ ಅಪ್ಪ. ಮೂಕನಂಗೆ ಆಡ್ತೀನಿ."

"ಹನ್ನೆರಡಕ್ಕೆ ಮುಗೀಬೇಕು. ಎಸಿ."

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮುಗಿಯಿತು. ಅಣ್ಣ ಊಟ ಮಾಡಿ, ಬನಿಯನ್ ಮಡಚಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ. ಅಪ್ಪನೂ ನಾನೂ ಬಸ್ಸಿನಲ್ಲಿ ಹೋದೆವು.

ಆಟ ನಾಲ್ಕಕ್ಕೆ ಶುರುವಾಗಲಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ತಂಡದವರು ತಡವಾಗಿ ಬಂದರು. ಅಪ್ಪ ಮೂರು ಸಲ ಗಡಿಯಾರ ನೋಡಿಕೊಂಡರು. ಕೊನೆಗೆ ಸೀಟಿ ಊದಿದಾಗ ನಾವು ಮೈದಾನದ ಸುತ್ತ ಕಟ್ಟಿದ್ದ ಹಗ್ಗ ಹಿಡಿದು ನಿಂತಿದ್ದೆವು. ಸುತ್ತಲೂ ನಮ್ಮ ಹಾಗೆಯೇ ತೋಟದವರು, ಕೊಬ್ಬರಿ ಮಂಡಿಯಲ್ಲಿ ಕೆಲಸ ಮುಗಿಸಿ ಬಂದವರು. ಹೆಣ್ಣೆಂದು ಅಲ್ಲಿದ್ದವಳು ನಾನೊಬ್ಬಳೇ.

ಅಣ್ಣ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಕಂಡುಕೊಂಡದ್ದು ಮೈದಾನಕ್ಕೆ ಕಾಲಿಟ್ಟೊಡನೆ ಮರೆತೇಹೋಗಿತ್ತು. ಅವನ ಕಣ್ಣು ಚೆಂಡಿನ ಮೇಲೆಯೇ ಇತ್ತು. ಬಡಿಯುವ ಉದ್ದನೆಯ ಹುಡುಗ ಎರಡು ಸಲ ಗಾಳಿಗೆ ಕೈ ಬೀಸಿ, "ಲೋ, ನನ್ ಕೈ ಇಲ್ಲೈತೆ! ನೀನು ಮೋಡಕ್ಕೆ ಕೊಡ್ತೀಯಲ್ಲೋ" ಎಂದು ಬೈದ. ಅವರದು ಹನ್ನೊಂದು, ನಮ್ಮದು ನಾಲ್ಕು. ಮೇಷ್ಟ್ರು ಕುರ್ಚಿಯಿಂದ ಎದ್ದರು. ಬದಿಯಲ್ಲಿ ಕುಳಿತಿದ್ದ ಇನ್ನೊಬ್ಬ ಹುಡುಗನಿಗೆ ಕೈಸನ್ನೆ ಮಾಡಿದರು. ಅವನು ಅಂಗಿ ಬಿಚ್ಚಿ ಮೈ ಸಡಿಲಿಸತೊಡಗಿದ.

ಯಾವಾಗ ಬಾಯಿ ತೆರೆದೆನೋ ನನಗೇ ತಿಳಿಯದು. "ಅಣ್ಣಾ, ಎಣಿಸೋ!"

ಎಲ್ಲರೂ ನಕ್ಕರು. ಅಪ್ಪ ನನ್ನ ಭುಜ ಹಿಡಿದರು, ಆದರೆ ಸುಮ್ಮನಿರು ಎನ್ನಲಿಲ್ಲ. ಅಣ್ಣ ತಿರುಗಿ ನೋಡಿದ. ಮುಂದಿನ ಚೆಂಡು ಆಚೆಯಿಂದ ಬಂತು. ನಮ್ಮ ಹುಡುಗನೊಬ್ಬ ಅದನ್ನು ತಡೆದ. "ಲಾಭ!" ಎಂದು ಅಣ್ಣ ಕೂಗಿದ. ಅವನ ಕಣ್ಣು ಉದ್ದನೆಯವನ ಕೈ ಮೇಲಿತ್ತು. "ಎರಡು!" ಚೆಂಡು ಅವನ ಬೆರಳುಗಳಿಂದ ಎದ್ದು, ಬಲೆಯ ಮೇಲೆ ಒಂದು ಗಳಿಗೆ ನಿಂತಿತು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಉದ್ದನೆಯವನು ಹಾರಿ ಬಡಿದ ಸದ್ದು ಮೈದಾನದಾಚೆಯ ಗೋಡೆಗೆ ಹೊಡೆದು ಬಂತು.

"ಏನ್ ಗುರೂ, ಕಾಯಿ ಏರಿಸ್ತಿದ್ದೀಯಾ?" ಎಂದು ಎದುರು ತಂಡದವನೊಬ್ಬ ಕಿಚಾಯಿಸಿದ.

"ಹೂಂ ಕಣ್ಲಾ, ನಿಮ್ಮನೆ ಅಟ್ಟಕ್ಕೇ!" ಎಂದ ಹಗ್ಗದ ಬಳಿಯಿದ್ದ ಮುದುಕನೊಬ್ಬ.

ಆಮೇಲೆ ಅಣ್ಣ ಒಬ್ಬನೇ ಎಣಿಸಬೇಕಾಗಲಿಲ್ಲ. ಅವನು ಲಾಭ, ಎರಡು ಎಂದರೆ, ಬಾಳೆಲ್ಲ ಕಾಯಿ ಎಣಿಸಿದ ಆ ಜನವೆಲ್ಲ ಒಟ್ಟಿಗೆ "ಮೂರೂ!" ಎನ್ನುತ್ತಿದ್ದರು. ಆ ಸೆಟ್ಟನ್ನು ಹದಿನೈದಕ್ಕೆ ಹನ್ನೆರಡರಲ್ಲಿ ಸೋತೆವು. ಆದರೆ ಮೇಷ್ಟ್ರು ಮತ್ತೆ ಕುಳಿತಿದ್ದರು. ಎರಡನೆಯ ಸೆಟ್ ನಮ್ಮದಾಯಿತು. ಮೂರನೆಯದು ಶುರುವಾಗುತ್ತಿದ್ದಂತೆ ಅಪ್ಪ ಗಡಿಯಾರ ನೋಡಿ, "ಆರರ ಬಸ್ಸು" ಎಂದರು.

ನಾನು ಬೇಡಿದೆ. ಹಗ್ಗ ಬಿಡಲಿಲ್ಲ. ಅಪ್ಪ ಬೆರಳು ಬಿಡಿಸಿ ಕರೆದುಕೊಂಡು ಹೊರಟರು. ಬಸ್ಸಿನಲ್ಲಿ ನಾನು ಅವರ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಕುಳಿತೆ.

ಮನೆಯಲ್ಲಿ ಅಮ್ಮ ಬಿದ್ದ ಮೂರು ಕಾಯಿಗಳನ್ನು ತುರಿದು, ಬೆಲ್ಲ ಹಾಕಿ ಕಾಯೊಬ್ಬಟ್ಟು ಮಾಡಿದ್ದಳು. ಯಾರೂ ಮುಟ್ಟಿರಲಿಲ್ಲ. ಅಕ್ಕ ಲಾಂದ್ರ ಹಚ್ಚುವ ಹೊತ್ತಿಗೆ ತೋಟದ ದಾರಿಯಲ್ಲಿ ಸೈಕಲ್ ಗಂಟೆ ಕೇಳಿಸಿತು. ನಾವು ಯಾರೂ ಅಣ್ಣನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಅವನ ಮೈ ಮೇಲೆ. ಬೆವರಿಗೆ ಅಂಟಿಕೊಂಡು, ಧೂಳು ಮೆತ್ತಿಕೊಂಡು, ಬನಿಯನ್ ಅವನ ಮೈ ಮೇಲೆಯೇ ಇತ್ತು. ಅಕ್ಕ ಅವನನ್ನು ತಿರುಗಿಸಿ ಬೆನ್ನಿನ ಮೂರನೇ ನಂಬರನ್ನೊಮ್ಮೆ ಸವರಿ ನೋಡಿದಳು.

"ಗೆದ್ರಾ?" ಎಂದೆ.

"ಇಲ್ಲ ಕಣೇ. ಎರಡು ಪಾಯಿಂಟಲ್ಲಿ ಹೋಯ್ತು" ಎಂದು ಅಣ್ಣ ನಕ್ಕ. ಎಷ್ಟೋ ದಿನಗಳ ಮೇಲೆ ಅವನು ನಕ್ಕದ್ದು ಅಂದೇ. "ಇನ್ನೂ ಭಾಳ ಕಲೀಬೇಕು, ಸೋಮವಾರ ಬೆಳಿಗ್ಗೆ ಆರಕ್ಕೆ ಬಾ ಅಂದ್ರು ಮೇಷ್ಟ್ರು."

"ಆರಕ್ಕೆ ಅಂದ್ರೆ ಐದೂ ಮುಕ್ಕಾಲಿಗೆ ಅಲ್ಲಿರು" ಎಂದರು ಅಪ್ಪ. ಎದ್ದು ಹೋಗಿ ಗೋಡೆಯ ಮೇಲೆ ಬರೆದರು. ಆಮೇಲೆ ಎರಡು ಒಬ್ಬಟ್ಟು ಹಾಕಿಸಿಕೊಂಡರು.

ಈಗ ನನ್ನ ಮನೆಯಲ್ಲಿ ಅಂಥ ಅಟ್ಟವಿಲ್ಲ. ಕಾಯಿಗೆ ತೋಟದಲ್ಲೇ ತಗಡಿನ ಶೆಡ್ ಇದೆ. ಅರ್ಧ ಮರಗಳ ಕಾಯಂತೂ ಎಳನೀರಾಗಿಯೇ ಲಾರಿ ಹತ್ತುತ್ತದೆ. ಗೋಡೆಯ ಮೇಲೆ ಬರೆದರೆ ಬಣ್ಣ ಹಾಳಾಗುತ್ತದೆಂದು ಸೊಸೆ ಬೈಯುತ್ತಾಳೆ, ನಾನು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಮೊಮ್ಮಗಳು ತನ್ನ ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾಳೆ, ಅವಳೂ ಲಿಫ್ಟರ್. ಅವಳಿಗೆ ಬೂಟು, ಮೊಣಕಾಲಿಗೆ ಮೆತ್ತೆ, ತಪ್ಪಿದ್ದನ್ನು ನಿಧಾನವಾಗಿ ಮತ್ತೆ ಮತ್ತೆ ತೋರಿಸುವ ಮೊಬೈಲು, ಎಲ್ಲ ಇವೆ. ಅವಳ ಆಟದ ದಿನ ನಾನು ಬೆಂಚಿನ ಮೇಲೆ ಅರ್ಧ ಗಂಟೆ ಮೊದಲೇ ಕುಳಿತಿರುತ್ತೇನೆ. ಸುತ್ತ ಹುಡುಗಿಯರೇ ಗುಂಪುಗುಂಪಾಗಿ ಕೂಗುತ್ತಿರುತ್ತಾರೆ, ಹಗ್ಗದೊಳಗೆ ಆಡುವವರೂ ಹುಡುಗಿಯರೇ.

ಮೊನ್ನೆ ಅವಳ ಕೈಯೂ ಕೆಟ್ಟಿತ್ತು, ಮುಖ ಚಿಕ್ಕದಾಗಿತ್ತು. ನಾನು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಗಂಟಲು ಸರಿಮಾಡಿಕೊಂಡು, ಚೆಂಡು ಬಡಿಯುವವಳ ಕೈಗೆ ಕಣ್ಣಿಟ್ಟು, "ಲಾಭ!" ಎಂದಳು. ಈ ಕಥೆ ಅವಳಿಗೆ ನೂರು ಸಲವಾದರೂ ಹೇಳಿದ್ದೆ. ಬಾಯಿ ಮುಚ್ಚಿಕೊಂಡು ಕುಳಿತೆ. ಈಗ ನನಗೆ ಆರರ ಬಸ್ಸಿನ ಅವಸರವಿಲ್ಲ. ಕೊನೆಯ ಚೆಂಡಿನವರೆಗೂ ನೋಡಿದೆ.