ಸೊನ್ನೆ ಅಡಿ ನೀರು

ಕೌಸರ್ ನಮ್ಮ ಬಂದೇಸಾಬನ ಮಗಳು. ಮಸ್ಕಿಯಾಗ ಓದಿ ಈಗ ಸಿಂಧನೂರಿನ ಕಂಪ್ಯೂಟರ್ ಅಂಗಡಿಯಾಗ ಕೆಲಸ ಮಾಡ್ತಾಳ. ಕಾಲುವಿ ನೀರಿನ ಮಟ್ಟ ದಿನಾ ಇಂಟರ್‌ನೆಟ್ಟಿನ ಒಂದು ಪುಟದಾಗ ಬರ್ತದ. ಆ ಪುಟದ ಎಚ್‌ಟಿಎಂಎಲ್ ಕೋಡಿನ ಕಸದಾಗಿಂದ ಅಂಕಿ ಅಷ್ಟ ಹೆಕ್ಕಿ ನಮ್ಮ ವಳಕಮದಿನ್ನಿ ರೈತರ ಫೋನಿಗೆ ಕಳಸೂವಂಗ ಆಕಿ ಜಾವಾಸ್ಕ್ರಿಪ್ಟ್‌ನಾಗ ರೆಜೆಕ್ಸ್ ಅನ್ನೂ, ಬೇಕಾದ ಅಕ್ಷರ ಹುಡುಕೂ ಒಂದು ಸಾಲು ಬರದಿದ್ಲು. ಎರಡು ವರ್ಷದಿಂದ ನಾವು ನೀರು ನೋಡೂದು ಫೋನಿನಾಗ.

ಅವತ್ತು ಮುಂಜಾನೆ ಫೋನಿಗೆ ಬಂತು: ಸೊನ್ನೆ ಅಡಿ. ಭತ್ತ ತೆನಿ ಬಿಡೂ ಹೊತ್ತು. ಮೇಲಿನ ಹೊಲದವ್ರು ತೂಬು ಮುಚ್ಯಾರ ಅಂತ ನನ್ನ ತಲಿ ಕಾದುಹೋತು. ಇಪ್ಪತ್ತು ಮಂದಿ ಬಡಿಗಿ, ಸಲಿಕಿ ಹಿಡಕೊಂಡು ಓಡಿದ್ವಿ. ಮೇಲಿನ ಹೊಲದ ಅಂಬಪ್ಪ ಅಡ್ಡ ಬಂದು "ಏನಾತಲೇ?" ಅಂದ. ನಾ ಸಲಿಕಿ ಕಾವಿಲೆ ಅವನ ಬುರುಡಿಗೆ ಬಿಟ್ಟೆ. ಅವನ ಮಗ ನನ್ನ ಮುಂಗೈ ಮುರದ. ಏರಿ ಮ್ಯಾಲಿನ ಮಣ್ಣು ಕೆಂಪಾತು.

ದವಾಖಾನಿಗೆ ಕೌಸರ್ ಅಳಕೋತ ಬಂದ್ಲು. "ಕಾಕಾ, ಪುಟದವ್ರು ನಿನ್ನೆ ರಾತ್ರಿಯಿಂದ ಅಂಕಿ ಕನ್ನಡದಾಗ ಹಾಕ್ಯಾರ್ರೀ. ಇಂಗ್ಲಿಷ್ ಅಂಕಿ ಅಷ್ಟ ಹುಡುಕು ಅಂತ ನಾ ಬರದಿದ್ದೆ. ಸಿಗದಿದ್ರ ಸೊನ್ನೆ ಕಳಸು ಅಂತಾನೂ ನಾನ ಬರದಿದ್ದೆ." ಪುಟ ತೋರಿಸಿದ್ಲು: ೪ ಅಡಿ.

ಆಕಿಗೆ ಬೈಯಾಕ ಬಾಯಿ ತೆಗೆದೆ, ಆವಾಗ ನೆನಪಾತು. ನಾವು ಬಡಿದಾಡಿದ್ದು ಕಾಲುವಿ ಏರಿ ಮ್ಯಾಲೆ. ನಾಲ್ಕು ಅಡಿ ನೀರು ನಮ್ಮ ಕಾಲಬುಡಕ್ಕ ಭೋರಂತ ಹರಿಯಾಕತ್ತಿತ್ತು. ನಮ್ಮಾಗ ಒಬ್ಬ ಮಗನೂ ಬಗ್ಗಿ ನೋಡಲಿಲ್ಲ.